ಎಣ್ಣೆ ಕೈಯಲ್ಲೂ ಓದಬಹುದಾದ ಎಸ್‌ಒಪಿ: ತಾಂತ್ರಿಕ ದಾಖಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಬೈತಖೋಲದಿಂದ ಭಟ್ಕಳದವರೆಗಿನ ಐಸ್ ಪ್ಲಾಂಟುಗಳು, ಮೀನು ಸಂಸ್ಕರಣಾ ಘಟಕಗಳು, ಗೇರುಬೀಜದ ಕಾರ್ಖಾನೆಗಳು, ಘಟ್ಟ ಹತ್ತಿದರೆ ಶಿರಸಿಯ ಅಡಿಕೆ ಯಂತ್ರದ ವರ್ಕ್‌ಶಾಪುಗಳು. ಇಂಥ ಕಡೆಗಳಿಗೆ ಎಸ್‌ಒಪಿ (ಒಂದು ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವ ಹಾಳೆ), ಮ್ಯಾನುವಲ್, ಲಾಗ್ ಪುಸ್ತಕ ಬರೆದುಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಚಹಾ ಬರುವಷ್ಟರೊಳಗೆ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪತ್ರದಲ್ಲಿ, ಫೋನಿನಲ್ಲಿ ಬಂದವೂ ಇದರಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನಲ್ಲಿ ಕೇಳುವುದು

ನಮ್ಮಲ್ಲಿ ಇರುವುದೇ ಎಂಟು ಜನ. ಈ ಸ್ಟ್ಯಾಂಡರ್ಡು ಗಿಂಡರ್ಡು ನಮಗೂ ಬೇಕಾ?

ಬೇಕು. ಆದರೆ ನೀವು ಹೆದರಿಕೊಂಡಷ್ಟು ಬೇಡ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 9001ರ 2015ರ ಆವೃತ್ತಿ ಬಂದಾಗ ‘ಗುಣಮಟ್ಟದ ಕೈಪಿಡಿ’ ಎಂಬ ದಪ್ಪ ಪುಸ್ತಕ ಇರಲೇಬೇಕೆಂಬ ಷರತ್ತನ್ನೇ ತೆಗೆದುಹಾಕಿದರು. ದಾಖಲೆ ಎಷ್ಟಿರಬೇಕು ಎಂಬುದು ಸಂಸ್ಥೆಯ ಗಾತ್ರ, ಕೆಲಸದ ಜಟಿಲತೆ, ಕೆಲಸ ಮಾಡುವವರ ಪರಿಣತಿ ನೋಡಿಕೊಂಡು ಬದಲಾಗಬಹುದು ಎಂದು ಅದರ 7.5ನೇ ಭಾಗ ಬಾಯಿಬಿಟ್ಟು ಹೇಳುತ್ತದೆ. ಎಂಟು ಜನರ ಘಟಕಕ್ಕೆ ಎಂಟುನೂರು ಪುಟ ಮಾಡಿಸಿಕೊಟ್ಟವರು ಸ್ಟ್ಯಾಂಡರ್ಡ್ ಪಾಲಿಸಿದ್ದಲ್ಲ, ಅದನ್ನು ಓದದೆ ಹಳೆಯ ಫೈಲಿನ ನಕಲು ಹೊಡೆದದ್ದು. ಚೆನ್ನಾಗಿ ಬರೆದ ಹತ್ತು ಹದಿನೈದು ಹಾಳೆಯಲ್ಲಿ ಸಣ್ಣ ಐಸ್ ಪ್ಲಾಂಟಿನ ಕೆಲಸ ಮುಗಿಯುತ್ತದೆ.

ಹಾಗಾದ್ರೆ ಯಾವ್ಯಾವುದಕ್ಕೆ ಬರೆಯಬೇಕು? ಎಲ್ಲದಕ್ಕೂ ಬರೀತಾ ಕೂತ್ರೆ ಕೆಲಸ ಮಾಡೋದು ಯಾವಾಗ?

ತಪ್ಪಿದರೆ ಜೀವಕ್ಕೆ ಕುತ್ತು ಬರುವ ಕೆಲಸಕ್ಕೆ ಮೊದಲು ಬರೆಯಿರಿ. ಆಮೇಲೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಮಾಡುವ ಕೆಲಸಕ್ಕೆ, ಏಕೆಂದರೆ ಕೈ ಮರೆತಿರುತ್ತದೆ. ಮೂರನೆಯದು, ತಪ್ಪಾಗಿದೆಯೆಂದು ತಡವಾಗಿ ಗೊತ್ತಾಗುವ ಕೆಲಸ.

ಐಸ್ ಪ್ಲಾಂಟನ್ನು ತಂಪಾಗಿಸುವ ಅಮೋನಿಯಾ ವ್ಯವಸ್ಥೆಯಿಂದ ಎಣ್ಣೆ ಇಳಿಸುವುದನ್ನೇ ನೋಡಿ. ಕಂಪ್ರೆಸರ್‌ನಿಂದ ಹೋದ ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರ. ಹೋಗಿ ತಳದಲ್ಲಿ ನಿಲ್ಲುತ್ತದೆ. ಕೆಳಗಿನ ವಾಲ್ವ್ ತೆರೆದರೆ ಮೊದಲು ಎಣ್ಣೆ ಬರುತ್ತದೆ, ಎಣ್ಣೆ ಮುಗಿದ ಕ್ಷಣ ಅದರ ಬೆನ್ನಿಗೇ ಅಮೋನಿಯಾ. ‘ಎಣ್ಣೆ ನಿಧಾನ ಇಳೀತಾ ಇದೆ, ಒಂದು ಚಹಾ ಕುಡಿದು ಬರ್ತೆ’ ಎಂದು ಎದ್ದು ಹೋದರೆ ಮುಗಿಯಿತು. ಇದಕ್ಕೆ ಹಾಳೆ ಬೇಕೇ ಬೇಕು, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಕೂಡ ಬೇಕು. ಹಾಳೆ ಆ ವಾಲ್ವಿಗೆ ಬದಲಿಯಲ್ಲ.

ಶಿರಸಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ಅಡಿಕೆ ವಿಂಗಡಿಸುವವರಿಗೆ ಹಾಳೆ ಬರೆದುಕೊಡಲು ಹೋಗಬೇಡಿ. ಅವರ ಕಣ್ಣು, ಬೆರಳು ನಮ್ಮ ಅಕ್ಷರಕ್ಕಿಂತ ಮುಂದಿವೆ. ಅಲ್ಲಿ ಹೊಸಬರಿಗಾಗಿ ಒಂದು ಮಾದರಿ ತಟ್ಟೆ ಇಡಿ: ಇಷ್ಟರವರೆಗೆ ಈ ದರ್ಜೆ, ಇದರಾಚೆ ಅಲ್ಲ ಎಂದು ನಿಜವಾದ ಅಡಿಕೆಯನ್ನೇ ಜೋಡಿಸಿಟ್ಟ ತಟ್ಟೆ. ಅದೂ ದಾಖಲೆಯೇ. ವರ್ಷವರ್ಷ ಬದಲಿಸಿ, ಬಣ್ಣ ಮಾಸುತ್ತದೆ.

ಮಷೀನ್ ಜೊತೆಗೇ ಮ್ಯಾನುವಲ್ ಬಂದಿದೆಯಲ್ಲ, ಅದೇ ಸಾಲದಾ?

ಇಟ್ಟುಕೊಳ್ಳಿ, ಎಸೆಯಬೇಡಿ. ಆದರೆ ಅದು ಆ ಮಷೀನನ್ನು ಜಗತ್ತಿನಲ್ಲಿ ಯಾರೇ ಕೊಂಡರೂ ಅವರಿಗೆಲ್ಲ ಬರೆದದ್ದು. ನಿಮ್ಮ ಪಂಪು ಬಾವಿಯ ಉಪ್ಪುನೀರು ಎಳೆಯುತ್ತದೆ, ನಿಮ್ಮ ಪ್ಯಾನೆಲ್‌ನಲ್ಲಿ ಎಲೆಕ್ಟ್ರಿಷಿಯನ್ ಎರಡು ಸ್ವಿಚ್ ಅದಲುಬದಲು ಮಾಡಿದ್ದಾನೆ, ಇದು ಮ್ಯಾನುವಲ್‌ಗೆ ಗೊತ್ತಿಲ್ಲ. ಮ್ಯಾನುವಲ್‌ನಿಂದ ಒಂದು ಕೆಲಸಕ್ಕೆ ಒಂದು ಪುಟದಂತೆ ನಿಮ್ಮ ಹಾಳೆ ಮಾಡಿ, ಕೆಳಗೆ ‘ಮೂಲ: ಮ್ಯಾನುವಲ್ ಪುಟ ಇಷ್ಟು’ ಎಂದು ಬರೆಯಿರಿ. ಮೆಕ್ಯಾನಿಕ್ ಬಂದಾಗ ಆ ಪುಟದ ಸಂಖ್ಯೆ ಅರ್ಧ ತಾಸು ಉಳಿಸುತ್ತದೆ.

ಸ್ಟ್ಯಾಂಡರ್ಡ್‌ಗಳ ಪಟ್ಟಿ ನೋಡಿದ್ರೆ ತಲೆ ತಿರುಗ್ತದೆ. ನಮಗೆ ಯಾವುದು?

ಎಲ್ಲವನ್ನೂ ಕೊಳ್ಳಲು ಹೋಗಬೇಡಿ. ಬಳಕೆಯ ಸೂಚನೆ ಹೇಗೆ ಬರೆಯಬೇಕೆಂದು ಹೇಳುವುದು ಐಇಸಿ/ಐಇಇಇ 82079-1, ಈಗಿನದು 2019ರ ಆವೃತ್ತಿ. ನೀವೇ ಯಂತ್ರ ತಯಾರಿಸಿ ಮಾರುವವರಾದರೆ, ಉದಾಹರಣೆಗೆ ಅಡಿಕೆ ಸುಲಿಯುವ ಯಂತ್ರ, ಅದನ್ನು ಒಮ್ಮೆ ಓದಲೇಬೇಕು. ಯಂತ್ರ ಬಳಸುವವರಿಗೆ ಅಷ್ಟು ಬೇಡ. ಸುರಕ್ಷತಾ ಚಿಹ್ನೆಗೆ ಐಎಸ್‌ಒ 7010. ಪೈಪಿನ ಬಣ್ಣಕ್ಕೆ ಐಎಸ್ 2379, ಅಮೋನಿಯಾದ ಸುರಕ್ಷತೆಗೆ ಐಎಸ್ 4544. ಈ ಎರಡೂ ನಮ್ಮ ಭಾರತೀಯ ಮಾನಕಗಳು. ಮೀನಿನ ಘಟಕವಾದರೆ ಹ್ಯಾಸಪ್ ಎಂಬ ಆಹಾರ ಸುರಕ್ಷತಾ ಪದ್ಧತಿಯ 7 ತತ್ವಗಳೇ ಅರ್ಧ ದಾಖಲೆಯನ್ನು ಹೇಳಿಬಿಡುತ್ತವೆ.

## ಬರೆಯಲು ಕೂತಾಗ

ಕನ್ನಡದಲ್ಲಿ ಬರೆದ್ರೆ ಆಡಿಟರ್ ಒಪ್ತಾರಾ?

ಒಪ್ಪಬೇಕು. ಐಎಸ್‌ಒ 9001 ಭಾಷೆ ಇಂಥದ್ದೇ ಎನ್ನುವುದಿಲ್ಲ. ಮಾಹಿತಿ ಬೇಕಾದಾಗ ಬೇಕಾದಲ್ಲಿ ಸಿಗಬೇಕು, ಬಳಸಲು ಬರುವಂತಿರಬೇಕು ಎನ್ನುತ್ತದೆ. ಓದಲಾಗದ ಭಾಷೆಯ ಹಾಳೆ ಬಳಸಲು ಬರುವುದು ಹೇಗೆ? 1948ರ ಕಾರ್ಖಾನೆ ಕಾಯ್ದೆ ಕೂಡ ತನ್ನ 108ನೇ ಕಲಮಿನಲ್ಲಿ ನೋಟಿಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದಿತ್ತು. ಹೊರದೇಶದ ಖರೀದಿದಾರರು ಇಂಗ್ಲಿಷ್ ಕೇಳಿದರೆ ಒಂದು ಪ್ರತಿ ಕೊಡಿ. ಆದರೆ ಎರಡರಲ್ಲಿ ಯಾವುದು ಮೂಲ ಎಂದು ಮೊದಲೇ ತೀರ್ಮಾನಿಸಿ, ಹಾಳೆಯ ಮೇಲೇ ಬರೆಯಿರಿ. ಕೆಲಸ ನಡೆಯುವುದು ಕನ್ನಡದಲ್ಲಾದರೆ ಕನ್ನಡದ್ದೇ ಮೂಲವಾಗಿರಲಿ.

ಒಂದು ಸಾಲು ಎಷ್ಟು ಉದ್ದ ಇರಬೇಕು? 20 ಶಬ್ದ ಅಂತ ಎಲ್ಲೋ ಓದಿದ್ದೆ.

ನೀವು ಓದಿದ್ದು ವಿಮಾನ ಉದ್ದಿಮೆಯವರ ಎಎಸ್‌ಡಿ-ಎಸ್‌ಟಿಇ100ರ ನಿಯಮ. ಕೆಲಸದ ಸೂಚನೆಗೆ 20 ಶಬ್ದ, ವಿವರಣೆಗೆ 25. ಅದು ಇಂಗ್ಲಿಷಿಗೆ ಮಾಡಿದ ಅಳತೆ, ಕನ್ನಡಕ್ಕೆ ಹೊಂದುವುದಿಲ್ಲ. ‘ತೆಗೆದುಹಾಕುವುದಕ್ಕಿಂತಲೂ’ ಎಂಬ ಒಂದೇ ಶಬ್ದದಲ್ಲಿ ನಾವು ನಾಲ್ಕು ಇಂಗ್ಲಿಷ್ ಶಬ್ದಗಳ ಹೊರೆ ಹೊರಿಸುತ್ತೇವೆ. ಶಬ್ದ ಎಣಿಸಿದರೆ ನಮ್ಮ ಸಾಲು ಚಿಕ್ಕದಾಗಿಯೇ ಕಾಣುತ್ತದೆ, ಅರ್ಥ ಮಾತ್ರ ಗಂಟುಗಂಟು.

ಕನ್ನಡಕ್ಕೆ ನಾನು ಇಟ್ಟುಕೊಂಡ ಅಳತೆ ಬೇರೆ: ಸಾಲಿಗೆ ಒಂದೇ ಅಪ್ಪಣೆ. ಇದಕ್ಕೆ ನಮ್ಮ ವ್ಯಾಕರಣದಲ್ಲೇ ಕಾರಣವಿದೆ. ಈ ಸಾಲು ನೋಡಿ:

‘ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿ ಗೇಜ್ ನೋಡಿ’

‘ಮುಚ್ಚಿ’ ಎಂದರೆ ‘ನೀವು ಮುಚ್ಚಿರಿ’ ಎಂದೂ ಆಗುತ್ತದೆ, ‘ಮುಚ್ಚಿಕೊಂಡು, ಆಮೇಲೆ’ ಎಂದೂ ಆಗುತ್ತದೆ. ‘ನಿಲ್ಲಿಸಿ’, ‘ನೋಡಿ’ ಕೂಡ ಹಾಗೆಯೇ. ಬರೆದವನ ತಲೆಯಲ್ಲಿ ಮೂರು ಬೇರೆ ಬೇರೆ ಹೆಜ್ಜೆಗಳಿದ್ದವು. ಓದಿದವನು ವಾಲ್ವ್ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ಪಂಪಿನ ಸ್ವಿಚ್ ಒತ್ತಿದ. ತಪ್ಪು ಅವನದ್ದಲ್ಲ, ಸಾಲು ಎರಡೂ ಅರ್ಥ ಕೊಡುತ್ತಿತ್ತು. ಅದಕ್ಕೇ ಒಡೆದು ಬರೆಯಿರಿ:

1. ವಾಲ್ವ್ ನಂ. 4 ಪೂರ್ತಿ ಮುಚ್ಚಿ.
2. ಪಂಪ್ ನಿಲ್ಲಿಸಿ.
3. ಗೇಜ್ ನೋಡಿ. ಮುಳ್ಳು ಸೊನ್ನೆಗೆ ಬಂದಿರಬೇಕು.

ಒಂದು ಅನುಕೂಲವೂ ನಮಗಿದೆ. ಷರತ್ತು ಮೊದಲು ಬರಲಿ, ಅಪ್ಪಣೆ ಆಮೇಲೆ ಬರಲಿ ಎಂದು ಆ ಸ್ಟ್ಯಾಂಡರ್ಡ್ ಇಂಗ್ಲಿಷಿನವರಿಗೆ ಪಾಠ ಹೇಳುತ್ತದೆ. ಕನ್ನಡಿಗರು ಹುಟ್ಟಿದಂದಿನಿಂದ ಹಾಗೆಯೇ ಮಾತಾಡುತ್ತಾರೆ: ‘ಸದ್ದು ಬಂದರೆ ನಿಲ್ಲಿಸಿ’. ಇಂಗ್ಲಿಷ್ ಮ್ಯಾನುವಲ್ ಎದುರಿಗಿಟ್ಟು ಬರೆಯುವಾಗ ಮಾತ್ರ ‘ನಿಲ್ಲಿಸಿ, ಒಂದು ವೇಳೆ ಸದ್ದು ಬಂದರೆ’ ಎಂದು ತಲೆಕೆಳಗಾಗುತ್ತದೆ.

‘ಬೇಡಿ’ ಅಂತ ಬರೆಯಲೇಬಾರದು ಅಂತೀರಂತೆ. ಯಾಕೆ?

‘ಮುಚ್ಚಿ’ಗೂ ‘ಮುಚ್ಚಬೇಡಿ’ಗೂ ಇರುವ ವ್ಯತ್ಯಾಸ ಸಾಲಿನ ಕಟ್ಟಕಡೆಯಲ್ಲಿದೆ. ಹಾಳೆಯ ಬಲಗಡೆಯ ಅಂಚು ನೆನೆದು ಹರಿದಿದ್ದರೆ, ಗ್ರೀಸ್ ಹತ್ತಿದ್ದರೆ, ಓದುವವನು ಅವಸರದಲ್ಲಿದ್ದರೆ ಅರ್ಥ ಪೂರ್ತಿ ಉಲ್ಟಾ. ಆದಷ್ಟು ಮಾಡಬೇಕಾದ್ದನ್ನೇ ಹೇಳಿ: ‘ಮುಚ್ಚಬೇಡಿ’ ಬದಲು ‘ತೆರೆದೇ ಇಡಿ’. ಬೇಡ ಎನ್ನಲೇಬೇಕಾದಲ್ಲಿ ಸಾಲಿನ ಎಡಗಡೆ ಕೆಂಪು ವೃತ್ತಕ್ಕೆ ಅಡ್ಡಗೆರೆ ಹಾಕಿದ ಚಿಹ್ನೆ ಇಡಿ, ಆಗ ಮೊದಲು ಕಣ್ಣಿಗೆ ಬೀಳುವುದೇ ‘ಬೇಡ’. ‘ಮುಚ್ಚತಕ್ಕದ್ದಲ್ಲ’ ಎಂಬ ಕಚೇರಿಯ ಭಾಷೆಯಂತೂ ಯಂತ್ರದ ಹತ್ತಿರ ಬರಲೇಬಾರದು.

ವಾಲ್ವ್‌ಗೆ ‘ಕವಾಟ’, ಗೇಜಿಗೆ ‘ಮಾಪಕ’ ಅಂತಲೇ ಬರೆಯಬೇಕಾ?

ಕನ್ನಡದ ಮೇಲಿನ ಪ್ರೀತಿಯಿಂದ ಕೇಳುತ್ತೀರೆಂದು ಗೊತ್ತು, ನನಗೂ ಅದೇ ಪ್ರೀತಿ ಇದೆ. ಆದರೆ ಕೆಲಸದ ಜಾಗದಲ್ಲಿ ಕೂಗಿ ಹೇಳುವ ಶಬ್ದವೇ ಹಾಳೆಯಲ್ಲಿರಬೇಕು. ‘ವಾಲ್ವ್ ಬಂದ್ ಮಾಡೋ’ ಎಂದು ಕೂಗುವಲ್ಲಿ ‘ಕವಾಟವನ್ನು ಮುಚ್ಚಿ’ ಎಂದು ಬರೆದರೆ ಒಂದು ವಸ್ತುವಿಗೆ ಎರಡು ಹೆಸರಾಯಿತು. ಒಂದು ವಸ್ತುವಿಗೆ ಒಂದು ಹೆಸರು, ಒಂದು ಕ್ರಿಯೆಗೆ ಒಂದು ಶಬ್ದ. ಇದು ಯಾವ ಸ್ಟ್ಯಾಂಡರ್ಡಿನಲ್ಲೂ ಬಿಡಬಾರದ ನಿಯಮ.

ನಮ್ಮ ಕಡೆ ಕಾಟ ಕೊಡುವ ಶಬ್ದ ‘ಟೈಟ್’. ‘ವಾಲ್ವ್ ಟೈಟ್ ಮಾಡು’ ಎಂದರೆ ಕೆಲವರಿಗೆ ಚಕ್ರ ತಿರುಗಿಸಿ ಮುಚ್ಚುವುದು, ಇನ್ನು ಕೆಲವರಿಗೆ ಸೋರುತ್ತಿರುವ ಗ್ಲ್ಯಾಂಡ್ ನಟ್ ಬಿಗಿ ಮಾಡುವುದು. ನಾನು ‘ಬಂದ್ ಮಾಡಿ’ಯನ್ನು ಚಕ್ರಕ್ಕೂ ‘ಟೈಟ್ ಮಾಡಿ’ಯನ್ನು ನಟ್-ಬೋಲ್ಟಿಗೂ ಮೀಸಲಿಟ್ಟು, ಮೊದಲ ಪುಟದಲ್ಲಿ ಚಿತ್ರದ ಜೊತೆ ಬರೆದುಬಿಡುತ್ತೇನೆ. ಒತ್ತಡವೂ ಹಾಗೆಯೇ. ಹಳೇ ಗೇಜಿನಲ್ಲಿ ಪಿಎಸ್‌ಐ ಇದ್ದರೆ ಜನ ‘ಪೌಂಡು’ ಎನ್ನುತ್ತಾರೆ, ಹೊಸದರಲ್ಲಿ ಬಾರ್ ಇರುತ್ತದೆ. 1 ಬಾರ್ ಎಂದರೆ 14.5 ಪಿಎಸ್‌ಐ. ಆ ಗೇಜಿನ ಮುಖದಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಹಾಳೆಯಲ್ಲಿ ಬರೆಯಿರಿ. ಲೆಕ್ಕ ಹಾಕುವ ಕೆಲಸ ಓದುವವನಿಗೆ ಕೊಡಬೇಡಿ. ಅಂಕಿಗಳನ್ನೂ 1, 2, 3 ಎಂದೇ ಬರೆಯಿರಿ, ಗೇಜಿನಲ್ಲಿ ಇರುವುದು ಅವೇ.

‘ಅಪಾಯ’, ‘ಎಚ್ಚರಿಕೆ’, ‘ಜಾಗ್ರತೆ’ ಇದರಲ್ಲಿ ಎಂತ ವ್ಯತ್ಯಾಸ?

ಸ್ಟ್ಯಾಂಡರ್ಡಿನಲ್ಲಿ ಇವು ಮೂರು ಮೆಟ್ಟಿಲು. ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಖಂಡಿತ ಎಂಬುದು ಮೊದಲನೆಯದು, ಆಗಬಹುದು ಎಂಬುದು ಎರಡನೆಯದು, ಸಣ್ಣಪುಟ್ಟ ಗಾಯ ಮೂರನೆಯದು. ಆದರೆ ಕನ್ನಡ ಓದುವವರಿಗೆ ಎಚ್ಚರಿಕೆಗೂ ಜಾಗ್ರತೆಗೂ ಭೇದವೇ ಇಲ್ಲ. ಹಾಗಾಗಿ ನಾನು ಸಣ್ಣ ಘಟಕಗಳಲ್ಲಿ ಎರಡೇ ಇಡುತ್ತೇನೆ: ಜೀವಕ್ಕೆ ‘ಅಪಾಯ’, ಉಳಿದದ್ದಕ್ಕೆ ‘ಜಾಗ್ರತೆ’. ಶಬ್ದಕ್ಕಿಂತ ಮುಖ್ಯ ಅದರ ಮುಂದಿನ ಸಾಲು. ‘ಅಪಾಯ: ಅಮೋನಿಯಾ’ ಎಂದು ಬರೆದು ಬಿಡಬೇಡಿ. ‘ಅಪಾಯ: ದ್ರವ ಅಮೋನಿಯಾ ಕಣ್ಣಿಗೆ ಸಿಡಿದರೆ ಕಣ್ಣು ಹೋಗುತ್ತದೆ. ಸುರಕ್ಷತಾ ಕನ್ನಡಕ ಹಾಕಿದ ಮೇಲೆ ಮುಂದಿನ ಹೆಜ್ಜೆ’ ಎಂದು ಬರೆಯಿರಿ. ಅದು ಆ ಹೆಜ್ಜೆಯ ಮೊದಲೇ ಬರಬೇಕು. ಹೆಜ್ಜೆ ಮುಗಿಸಿದ ಮೇಲೆ ಓದಿ ಫಲವೇನು?

ಗ್ಯಾಸ್ ಕೊಡುವವರಿಂದ ಬರುವ, ಜನ ಇನ್ನೂ ಎಂಎಸ್‌ಡಿಎಸ್ ಎನ್ನುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ 16 ಭಾಗಗಳಿವೆ. ಗೋಡೆಗೆ 4ನೆಯದು (ಪ್ರಥಮ ಚಿಕಿತ್ಸೆ), 6ನೆಯದು (ಸೋರಿದಾಗ ಏನು ಮಾಡಬೇಕು), 8ನೆಯದು (ಏನು ತೊಡಬೇಕು) ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಸಾಕು. ಪೂರ್ತಿ ಹಾಳೆ ಫೈಲಿನಲ್ಲಿರಲಿ.

ಗೂಗಲ್‌ನಲ್ಲಿ ಹಾಕಿ ಅನುವಾದ ಮಾಡಿ ಅಂಟಿಸಿದ್ರೆ ಆಗೂದಿಲ್ವಾ?

ಕರಡಿಗೆ ಆಗುತ್ತದೆ. ಅಂಟಿಸುವ ಮೊದಲು ಮೂರು ಕಡೆ ಬೆರಳಿಟ್ಟು ನೋಡಿ: ಅಂಕಿ, ‘ಬೇಡ’ ಇರುವ ಸಾಲು, ‘ಮೊದಲು’ ‘ನಂತರ’ ಇರುವ ಸಾಲು. ಆಮೇಲೆ ಇಂಗ್ಲಿಷ್ ನೋಡದ ಒಬ್ಬರ ಕೈಗೆ ಕೊಟ್ಟು, ಯಂತ್ರ ನಿಂತಿರುವಾಗ, ಓದುತ್ತಾ ಬೆರಳು ತೋರಿಸುತ್ತಾ ಹೋಗಲು ಹೇಳಿ. ಬೆರಳು ತಪ್ಪಾದ ವಾಲ್ವಿಗೆ ಹೋದಲ್ಲಿ ನಿಮ್ಮ ಸಾಲು ತಪ್ಪು.

## ಬಳಕೆಗೆ ಇಳಿದ ಮೇಲೆ

ನಮ್ಮ ಮಳೆಗಾಲದಲ್ಲಿ ಹಾಳೆ ಉಳಿಯೂದೇ ಇಲ್ಲ. ಏನು ಮಾಡೋದು?

ಲ್ಯಾಮಿನೇಷನ್ ಮಾಡಿಸಿದವರು ಅಂಚನ್ನು ಕಾಗದಕ್ಕೆ ಸಮ ಕತ್ತರಿಸಿಕೊಡುತ್ತಾರೆ, ಅಲ್ಲಿಂದ ನೀರು ಒಳಹೊಕ್ಕು ಆಷಾಢದೊಳಗೆ ಬೂಷ್ಟು ಹಿಡಿಯುತ್ತದೆ. ಸುತ್ತಲೂ ಅರ್ಧ ಸೆಂಟಿಮೀಟರ್ ಬರೀ ಪ್ಲಾಸ್ಟಿಕ್ ಅಂಚು ಬಿಡಲು ಹೇಳಿ. ಮೊಳೆಗೆ ತೂತು ಹಾಕುವುದಾದರೆ ಆ ಅಂಚಿನಲ್ಲೇ ಹಾಕಿ. ಇಂಕ್‌ಜೆಟ್ ಬೇಡ, ಲೇಸರ್ ಪ್ರಿಂಟ್ ಮಾಡಿಸಿ, ಇಂಕ್‌ಜೆಟ್ ಶಾಯಿ ನೀರಿಗೆ ಹರಡುತ್ತದೆ.

ವಾಲ್ವಿನ ಸಂಖ್ಯೆಗೆ ಕಾಗದವೇ ಬೇಡ, ಲೋಹದ ಬಿಲ್ಲೆ ಕಟ್ಟಿ. ಹಿತ್ತಾಳೆ ಮಾತ್ರ ಬೇಡ. ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ, ಅದರ ಪೈಪು-ವಾಲ್ವುಗಳಲ್ಲಿ ಅವನ್ನು ಬಳಸದಿರುವುದೂ ಇದಕ್ಕೇ. ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆಗೆ ಅಂಕಿ ಕೆತ್ತಿಸಿ, ಅದೇ ಉಕ್ಕಿನ ತಂತಿಯಲ್ಲಿ ಕಟ್ಟಿಸಿ. ಪೈಪಿಗೆ ಬಣ್ಣ ಬಳಿದು ಬಾಣ ಬರೆಸಿ. ಪೈಪಿನ ಮೇಲಿನ ಬಾಣವನ್ನು ಯಾರೂ ಫೈಲಿನಲ್ಲಿ ಹುಡುಕಬೇಕಾಗಿಲ್ಲ.

ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ್ರೆ ಸಾಕಲ್ಲ?

ಕಲಿಸಲು ವಿಡಿಯೋ ಬಹಳ ಒಳ್ಳೆಯದು. ಮಾಡುವಾಗ ಸಾಲದು: ಕೈಗೆ ಎಣ್ಣೆ ಮೆತ್ತಿರುವಾಗ 7ನೇ ಹೆಜ್ಜೆ ಎಲ್ಲಿದೆಯೆಂದು ಫೋನ್ ಉಜ್ಜುತ್ತಾ ಕೂರಲಾಗದು. ದೊಡ್ಡ ತೊಂದರೆ ಬೇರೆ. ನೀವು ವಿಧಾನ ಬದಲಿಸಿದ ಮೇಲೂ ಹಳೆಯ ವಿಡಿಯೋ ಇಪ್ಪತ್ತು ಫೋನುಗಳಲ್ಲಿ ಹಾಗೆಯೇ ಓಡುತ್ತಿರುತ್ತದೆ.

ಲಾಗ್ ಪುಸ್ತಕವನ್ನು ಎಲ್ಲರೂ ಸುಮ್ಮನೆ ತುಂಬಿಸ್ತಾರೆ. ತಡೆಯೋದು ಹೇಗೆ?

ಒಂದು ಶೀತಲ ಗೃಹದಲ್ಲಿ ನಾನು ಕಂಡದ್ದು: ಇಡೀ ತಿಂಗಳು, ದಿನಕ್ಕೆ ನಾಲ್ಕು ಸಲ, ಮೈನಸ್ 18. ಒಂದೇ ಪೆನ್ನು, ಒಂದೇ ಓರೆ. ಆ ತಿಂಗಳಲ್ಲೇ ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರ್ ಕೈಕೊಟ್ಟು, ತಾಸುಗಟ್ಟಲೆ ಎಲ್ಲ ನಿಂತಿತ್ತು. ಬರೆದ ಹುಡುಗನನ್ನು ಕೇಳಿದೆ. ‘ಮೈನಸ್ 15 ಅಂತ ಬರೆದ್ರೆ ಬೈತಾರೆ ಸರ್’ ಎಂದ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಸತ್ಯ ಬರೆದರೆ ಬೈಗುಳ ಸಿಗುವ ಪುಸ್ತಕವನ್ನು ಅವನ ಕೈಗೆ ಕೊಟ್ಟವರ ಮೇಲೆ.

ಪುಸ್ತಕದಲ್ಲಿ ‘ಮಿತಿ ದಾಟಿದಾಗ ಏನು ಮಾಡಿದಿರಿ’ ಎಂಬ ಅಂಕಣ ಇರಲೇಬೇಕು. ಇದ್ದರೆ ಮಿತಿ ದಾಟುವುದೂ ಕೆಲಸದ ಭಾಗವೇ ಎಂದು ಪುಸ್ತಕವೇ ಒಪ್ಪಿಕೊಂಡಂತೆ. ‘ಸರಿ ಇದೆ’ ಎಂದು ಗುರುತು ಹಾಕಿಸಬೇಡಿ, ಗೇಜಿನ ಅಂಕಿಯನ್ನೇ ಬರೆಸಿ. ಯಾರೂ ತಿರುಗಿ ನೋಡದ ಅಂಕಣಗಳನ್ನು ತೆಗೆದುಹಾಕಿ. ಹದಿನಾಲ್ಕರಲ್ಲಿ ಐದು ಉಳಿದರೆ ಆ ಐದು ನಿಜವಾಗುತ್ತವೆ. ಯಾಕೆ ಬರೆಯುತ್ತೇವೆಂದೂ ಹೇಳಿ. ಬಂಗಡೆ ಬೆಚ್ಚಗಾದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಒಮ್ಮೆ ಹುಟ್ಟಿದ್ದು ಮತ್ತೆ ಐಸ್ ಹಾಕಿದರೂ ಬೇಯಿಸಿದರೂ ಹೋಗದು, ತಿಂದವರ ಮೈ ಕೆಂಪೇರುತ್ತದೆ ಎಂದು ಒಮ್ಮೆ ವಿವರಿಸಿದ ಮೇಲೆ ಅದೇ ಹುಡುಗ ತಾನಾಗಿಯೇ ಥರ್ಮಾಮೀಟರ್ ಕೇಳಿ ಪಡೆದ.

ನಮ್ಮಲ್ಲಿ ಒಡಿಶಾದವರು, ಜಾರ್ಖಂಡದವರು ಇದ್ದಾರೆ. ಅವರಿಗೆ?

ಚಿಹ್ನೆಗಳು ಮೊದಲು: ಹಳದಿ ತ್ರಿಕೋನ ಅಪಾಯಕ್ಕೆ, ನೀಲಿ ವೃತ್ತ ಕಡ್ಡಾಯಕ್ಕೆ, ಅಡ್ಡಗೆರೆಯ ಕೆಂಪು ವೃತ್ತ ನಿಷೇಧಕ್ಕೆ, ಹಸಿರು ಚೌಕ ತಪ್ಪಿಸಿಕೊಳ್ಳುವ ದಾರಿಗೆ. ಅಪಾಯದ ನಾಲ್ಕೈದು ಸಾಲುಗಳನ್ನು ಅವರ ಭಾಷೆಯಲ್ಲೂ ಬರೆಸಿ, ಅವರಲ್ಲೇ ಓದುಬರಹ ಬಲ್ಲವರಿಂದ. ಓದಲು ಬಾರದವರನ್ನು ಕೈಹಿಡಿದು ಒಯ್ದು ತೋರಿಸಿ. ಮನೆಯಲ್ಲಿ ಕೊಂಕಣಿ ಮಾತಾಡುವ ನಮ್ಮವರು ಕನ್ನಡ ಓದಬಲ್ಲರು, ಆದರೆ ಗಾಬರಿಯಲ್ಲಿ ಬಾಯಿಗೆ ಬರುವುದು ಕೊಂಕಣಿಯೇ. ಅಭ್ಯಾಸದ ದಿನ ಅದರಲ್ಲೇ ಕೂಗಿಸಿ ನೋಡಿ.

## ಇನ್ನಷ್ಟು ಆಳಕ್ಕೆ

ಒಂದೇ ಎಸ್‌ಒಪಿಯ ಮೂರು ಪ್ರತಿ ಮೂರು ಥರ ಇದಾವೆ. ಯಾವುದನ್ನು ನಂಬೋದು?

ಪೆನ್ನಿನಲ್ಲಿ ತಿದ್ದಿದ ಪ್ರತಿಯನ್ನು ಮೊದಲು ಓದಿ. ಯಂತ್ರದ ಹತ್ತಿರ ಇದ್ದವರು ತಿದ್ದಿದ್ದಾರೆಂದರೆ ಕಾರಣ ಇರುತ್ತದೆ. ಹಾಗೆಂದು ಕೂಡಲೇ ಒಪ್ಪಿಕೊಳ್ಳಬೇಡಿ. ತಿದ್ದಿದವರನ್ನು ಕೇಳಿ, ಯಂತ್ರದ ಮುಂದೆ ನಿಂತು ಪರೀಕ್ಷಿಸಿ, ಆಮೇಲೆ ಹೊಸ ಆವೃತ್ತಿ ಅಚ್ಚು ಹಾಕಿ ಹಳೆಯ ಪ್ರತಿಗಳನ್ನು ಎಣಿಸಿ ವಾಪಸ್ ಪಡೆಯಿರಿ. ಪ್ರತಿ ಹಾಳೆಯ ತಲೆಯಲ್ಲಿ ಆವೃತ್ತಿ, ದಿನಾಂಕ, ಒಪ್ಪಿದವರ ಸಹಿ ಇರಲಿ. ಎಲ್ಲೆಲ್ಲಿ ಎಷ್ಟು ಪ್ರತಿ ಅಂಟಿಸಿದ್ದೇವೆಂಬ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿರಲಿ, ದುಬಾರಿ ಸಾಫ್ಟ್‌ವೇರ್ ಬೇಡ. ಹಾಳೆಯ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟು ‘ತಪ್ಪು ಕಂಡರೆ ಇಲ್ಲಿ ಬರೆಯಿರಿ’ ಎಂದು ಅಚ್ಚು ಹಾಕಿಸಿ, ಒಂದು ಪೆನ್ಸಿಲ್ ಕಟ್ಟಿಡಿ. ಪೆನ್ನಿನ ಶಾಯಿ ನೆನೆಯುತ್ತದೆ, ಸೀಸ ಉಳಿಯುತ್ತದೆ.

ದೊಡ್ಡವರ ಕಾಂಟ್ರ್ಯಾಕ್ಟ್ ಬಂದಿದೆ. ಎಸ್1000ಡಿ, ಡಿಟಾ ಅಂತೆಲ್ಲ ಕೇಳ್ತಾರೆ. ಎಲ್ಲಿಂದ ಶುರು ಮಾಡಲಿ?

ಎರಡೂ ತಾಂತ್ರಿಕ ದಾಖಲೆ ಬರೆದು ಜೋಡಿಸುವ ಸ್ಟ್ಯಾಂಡರ್ಡ್‌ಗಳು. ಎಸ್1000ಡಿ 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ದಿಮೆಯಲ್ಲಿ ಹುಟ್ಟಿ ರಕ್ಷಣಾ ಕ್ಷೇತ್ರಕ್ಕೆ ಹಬ್ಬಿದ್ದು. ಡಿಟಾ ಐಬಿಎಂನಲ್ಲಿ ಬೆಳೆದು 2005ರಲ್ಲಿ ಓಯಾಸಿಸ್ ಎಂಬ ಸಂಸ್ಥೆಯ ಸ್ಟ್ಯಾಂಡರ್ಡ್ ಆಯಿತು. ಎರಡರ ತಿರುಳೂ ಒಂದೇ: ದೊಡ್ಡ ಪುಸ್ತಕ ಬರೆಯಬೇಡ, ತನ್ನಷ್ಟಕ್ಕೆ ತಾನು ಪೂರ್ತಿಯಾದ ತುಣುಕುಗಳನ್ನು ಬರೆ, ಪ್ರತಿ ತುಣುಕಿಗೂ ಗುರುತು ಕೊಡು, ಬೇಕಾದಲ್ಲಿ ಅದನ್ನೇ ಜೋಡಿಸು. ‘ಕರೆಂಟ್ ತೆಗೆದು ಬೀಗ ಹಾಕುವುದು’ ಎಂಬ ತುಣುಕನ್ನು ಒಮ್ಮೆ ಸರಿಯಾಗಿ ಬರೆದರೆ ಇಪ್ಪತ್ತು ಹಾಳೆಗಳಲ್ಲಿ ಅದೇ ಕೂರುತ್ತದೆ, ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ. ಕಾಂಟ್ರ್ಯಾಕ್ಟ್ ಕೇಳಿದರೆ ಮಾತ್ರ ಅದರ ಸಾಫ್ಟ್‌ವೇರ್ ಕೊಳ್ಳಿ, ಯಾವ ಆವೃತ್ತಿ ಬೇಕೆಂದು ಬರಹದಲ್ಲಿ ತರಿಸಿಕೊಳ್ಳಿ. ಕೇಳದಿದ್ದರೆ ಈ ತುಣುಕಿನ ಕ್ರಮವನ್ನಷ್ಟೇ ತೆಗೆದುಕೊಳ್ಳಿ, ಸಾಮಾನ್ಯ ಫೋಲ್ಡರಿನಲ್ಲೂ ನಡೆಯುತ್ತದೆ.

ನಮ್ಮ ಹಳೇ ಆಪರೇಟರ್ ಬರುವ ವರ್ಷ ಬಿಡ್ತಾರೆ. ಅವರ ತಲೆಯಲ್ಲಿ ಇದ್ದದ್ದನ್ನು ಬರೆಸಿಕೊಳ್ಳೋದು ಹೇಗೆ?

ಕುರ್ಚಿ ಹಾಕಿ ಕೂರಿಸಿ ‘ಹೇಳಿ’ ಎಂದರೆ ಏನೂ ಬರುವುದಿಲ್ಲ. ಅವರ ತಿಳಿವಳಿಕೆ ಇರುವುದು ಕೈಯಲ್ಲಿ, ಕಿವಿಯಲ್ಲಿ. ನೀವೇ ಒಂದು ತಪ್ಪುತಪ್ಪಾದ ಕರಡು ಬರೆದುಕೊಂಡು ಹೋಗಿ, ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಓದಿ. ಖಾಲಿ ಹಾಳೆ ತುಂಬಲು ಯಾರಿಗೂ ಮನಸ್ಸಾಗದು, ತಪ್ಪು ಕಂಡರೆ ತಿದ್ದದೆ ಇರಲೂ ಆಗದು.

ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಅಷ್ಟು ದಿನ ನಿಂತ ಐಸ್ ಪ್ಲಾಂಟ್ ಜುಲೈ ಕೊನೆಯಲ್ಲಿ ಮತ್ತೆ ಶುರುವಾಗುವ ದಿನವೇ ಇದಕ್ಕೆ ಸರಿಯಾದ ದಿನ. ಹಾಗೆ ಒಂದು ಪ್ಲಾಂಟಿಗೆ ಹೋಗಿದ್ದೆ. ನನ್ನ ಕರಡಿನಲ್ಲಿ ಕಂಡೆನ್ಸರಿನ ನೀರು ಮೊದಲು, ಡಿಸ್ಚಾರ್ಜ್ ವಾಲ್ವ್, ಎಣ್ಣೆಯ ಮಟ್ಟ, ಕಂಪ್ರೆಸರ್, ಆಮೇಲೆ ‘ಸಕ್ಷನ್ ವಾಲ್ವ್ (ಕಂಪ್ರೆಸರಿನೊಳಗೆ ಗ್ಯಾಸ್ ಬಿಡುವ ವಾಲ್ವ್) ತೆರೆಯಿರಿ’ ಎಂದಿತ್ತು. ಆಪರೇಟರ್ ಅಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ‘ಒಮ್ಮೆಲೇ ತೆರೆದ್ರೆ ಲೈನಿನಲ್ಲಿ ನಿಂತ ಲಿಕ್ವಿಡ್ ಒಳಗೆ ಬರ್ತದೆ. ಕಂಪ್ರೆಸರ್ ಬಡಿತದೆ, ಪ್ಲೇಟ್ ಒಡೀತದೆ’ ಎಂದರು. ಎಡಗೈಯನ್ನು ಸಕ್ಷನ್ ಪೈಪಿನ ಮೇಲಿಟ್ಟು, ಬಲಗೈಯಲ್ಲಿ ಚಕ್ರವನ್ನು ಕಾಲು ಸುತ್ತು ತಿರುಗಿಸಿ, ತಲೆ ಓರೆ ಮಾಡಿ ಕಿವಿಗೊಟ್ಟು ನಿಂತರು. ಎಷ್ಟು ಹೊತ್ತು ಎಂದು ಕೇಳಿದೆ. ‘ಸದ್ದು ಒಂದೇ ಸಮ ಆಗೂವರೆಗೆ.’ ನಾನು ಗಡಿಯಾರ ನೋಡಿದೆ, ಸುಮಾರು ಐದು ನಿಮಿಷ. ನಿಮಿಷ ಬರೆಯೋಣವೇ ಎಂದರೆ ಬೇಡವೆಂದರು, ಒಂದೊಂದು ವರ್ಷ ಒಂದೊಂದು ಥರ.

ಆ ಒಂದು ಸಾಲಿದ್ದ ಜಾಗದಲ್ಲಿ ಈಗ ನಾಲ್ಕು ಸಾಲುಗಳಿವೆ:

8. ಸಕ್ಷನ್ ವಾಲ್ವ್ ಕಾಲು ಸುತ್ತು ಮಾತ್ರ ತೆರೆಯಿರಿ.
9. ಕಂಪ್ರೆಸರ್ ಸದ್ದು ಕೇಳಿ.
10. ಬಡಿದ ಸದ್ದು ಬಂದರೆ ಸಕ್ಷನ್ ವಾಲ್ವ್ ಕೂಡಲೇ ಬಂದ್ ಮಾಡಿ.
11. ಸದ್ದು ಒಂದೇ ಸಮ ಆದ ಮೇಲೆ ಇನ್ನೂ ಕಾಲು ಸುತ್ತು ತೆರೆಯಿರಿ.

ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಕೇಳಿ, ಪೆನ್ಸಿಲ್ ತೆಗೆದುಕೊಂಡು 9ರ ಮುಂದೆ ‘ಫ್ಯಾನ್ ಬಂದ್ ಮಾಡಿ’ ಎಂದು ಸೇರಿಸಿದರು. ಗೋಡೆಯ ಮೇಲಿನ ಆ ಫ್ಯಾನಿನ ಗದ್ದಲದಲ್ಲಿ ಹೊಸಬರಿಗೆ ಬಡಿತ ಕೇಳಿಸುವುದೇ ಇಲ್ಲವಂತೆ.